ತಪಸ್ಸುಕಾಲಕ್ಕೊಂದು ಮನೆಮಾತು: ಕ್ರಿಸ್ತ ಪುರಾಣದ ಫಾದರ್ ಥಾಮಸ್ ಸ್ಟೀಫನ್ಸ್

ವಿಭೂತಿ ಬುಧವಾರ ಬಂತೆಂದರೆ ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳ ಮೊಬೈಲಿಗೆ ದಿನಕ್ಕೊಂದು ಚಿಂತನೆ ಬರತೊಡಗುತ್ತದೆ. ಅಂದಿನ ಶುಭಸಂದೇಶ ವಾಚನ, ಅದರ ಕೆಳಗೆ ನಾಲ್ಕು ಸಾಲು ವಿವರಣೆ, ಕೊನೆಯಲ್ಲಿ ಚಿಕ್ಕದೊಂದು ಪ್ರಾರ್ಥನೆ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಕೆಲವರು ಓದುತ್ತಾರೆ. ಕೆಲವರು ಓದದೆಯೇ ಮತ್ತೊಬ್ಬರಿಗೆ ಕಳುಹಿಸಿಬಿಡುತ್ತಾರೆ. ಇಂಥ ಚಿಂತನೆ ಇಂಗ್ಲಿಷಿನಲ್ಲಿದ್ದರೆ ಊರಿನಿಂದ ಮಗನ ಮನೆಗೆ ಬಂದಿರುವ ಅಜ್ಜಿಗೆ ಅದು ದಕ್ಕುವುದಿಲ್ಲ. ಅಜ್ಜಿ ಬಾಯಿಪಾಠವಾಗಿ ಹೇಳುವ ಕೊಂಕಣಿ ಪ್ರಾರ್ಥನೆ ಮೊಮ್ಮಕ್ಕಳಿಗೆ ದಕ್ಕುವುದಿಲ್ಲ. ಒಂದೇ ಮನೆ, ಒಂದೇ ಶಿಲುಬೆ. ಅದರ ಮುಂದೆ ಕುಳಿತವರ ಮಾತು ಮಾತ್ರ ಬೇರೆ ಬೇರೆ.

ಇಂಥ ಮನೆಗಳನ್ನು ಕಂಡಾಗಲೆಲ್ಲ ನಾಲ್ಕು ಶತಮಾನಗಳ ಹಿಂದಿನ ಒಬ್ಬ ಗುರು ನೆನಪಿಗೆ ಬರುತ್ತಾರೆ. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅವರ ತಾಯ್ನುಡಿ ಇಂಗ್ಲಿಷ್. ಆದರೆ ದೇವರ ವಾಕ್ಯವನ್ನು ಹೇಳಲು ಅವರು ಆರಿಸಿಕೊಂಡದ್ದು ನಮ್ಮ ಹಿರಿಯರ ಮಾತನ್ನು. ಅವರೇ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್, ಕ್ರಿಸ್ತ ಪುರಾಣದ ಕರ್ತೃ.

ಪಾಸ್ಖಕ್ಕೆ ಮುಂಚೆ ಹೊರಟ ಹಡಗು

ಸ್ಟೀಫನ್ಸ್ ಹುಟ್ಟಿದ್ದು 1549ರ ಸುಮಾರಿಗೆ, ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದಲ್ಲಿ. ತಂದೆ ಲಂಡನ್ನಿನ ವ್ಯಾಪಾರಿ. ಮಗ ಬೆಳೆಯುವ ಹೊತ್ತಿಗೆ ದೇಶದಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆ. ಬಲಿಪೂಜೆ ಅರ್ಪಿಸುವುದೂ ಅದರಲ್ಲಿ ಪಾಲ್ಗೊಳ್ಳುವುದೂ ಕಾನೂನಿನ ಪ್ರಕಾರ ಅಪರಾಧವಾಗಿದ್ದ ಕಾಲವದು. ಥಾಮಸ್ ಪೌಂಡ್ ಎಂಬ ಸ್ಥಿತಿವಂತ ಕಥೋಲಿಕ ಗೆಳೆಯನೊಡನೆ ಅವನ ಸೇವಕನ ವೇಷದಲ್ಲಿ ಊರೂರು ಅಲೆದರು. ಇಬ್ಬರಿಗೂ ರೋಮಿಗೆ ಹೋಗಿ ಯೇಸುಸಭೆ ಸೇರುವ ಆಸೆ. ಆದರೆ ಪೌಂಡ್ ಸೆರೆಮನೆಗೆ ಬಿದ್ದರು. ಸ್ಟೀಫನ್ಸ್ ಒಬ್ಬರೇ ರೋಮ್ ತಲುಪಿ, 1575ರ ಅಕ್ಟೋಬರಿನಲ್ಲಿ ಯೇಸುಸಭೆಯ ನವಶಿಷ್ಯರಾದರು.

ಅವರನ್ನು ಹೊತ್ತ ಹಡಗು 1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಹೊರಟಿತು. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 19ರಂದು. ಹಾಗಾಗಿ ಅವರ ಪಯಣ ಆರಂಭವಾದದ್ದು ತಪಸ್ಸುಕಾಲದ ಕೊನೆಯ ದಿನಗಳಲ್ಲಿ. ಪವಿತ್ರ ವಾರ ಕಳೆದದ್ದು ಸಮುದ್ರದ ಮೇಲೆ. ಆರು ತಿಂಗಳಿಗೂ ಹೆಚ್ಚು ಕಾಲದ ಯಾನದ ನಂತರ, ಅಕ್ಟೋಬರ್ 24ರಂದು ಗೋವಾ ಸೇರಿದರು. ಮರುತಿಂಗಳೇ ತಂದೆಗೆ ಬರೆದ ಪತ್ರದಲ್ಲಿ ಆ ಪಯಣವನ್ನು ವಿವರಿಸಿದರು. ಮುಂದೆ ಅದು ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಹಳ ಜನ ಓದಿದರು. ಭಾರತದಲ್ಲಿ ನೆಲೆ ನಿಂತ ಮೊದಲ ಇಂಗ್ಲಿಷರೆಂದು ಚರಿತ್ರೆಯ ಪುಸ್ತಕಗಳು ಅವರನ್ನು ಹೆಸರಿಸುತ್ತವೆ. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಆಮೇಲೆ ತಾಯ್ನಾಡನ್ನು ಅವರು ಮತ್ತೆ ನೋಡಲಿಲ್ಲ.

ಗಾಯವಾಗಿದ್ದ ನೆಲ

ಅವರಿಗೆ ಸಿಕ್ಕಿದ ಕಾರ್ಯಕ್ಷೇತ್ರ ದಕ್ಷಿಣ ಗೋವಾದ ಸಾಷ್ಟಿ. ಅಂದಿನ ಸಾಷ್ಟಿಯ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. 1567ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಅಲ್ಲಿಯ ದೇವಾಲಯಗಳನ್ನು ಕೆಡವಿಸಿದ್ದರು. ಜನರ ಎದೆಯಲ್ಲಿ ಆ ಸಿಟ್ಟು ಆರಿರಲಿಲ್ಲ. 1583ರ ಜುಲೈಯಲ್ಲಿ ಕುಂಕೊಳ್ಳಿಗೆ ಹೋದ ರುಡಾಲ್ಫ್ ಅಕ್ವವೀವಾ ಮತ್ತು ಅವರ ನಾಲ್ವರು ಯೇಸುಸಭೆಯ ಸಂಗಡಿಗರು, ಜೊತೆಗಿದ್ದ ಹಲವು ಕ್ರೈಸ್ತರು ಅಲ್ಲಿ ಹತರಾದರು. ಕೊಲೆಯಾದವರ ಶರೀರಗಳನ್ನು ಪಡೆದು ಅಂತ್ಯಸಂಸ್ಕಾರಕ್ಕೆ ತರುವ ಹೊಣೆ ಸ್ಟೀಫನ್ಸರ ಮೇಲೆ ಬಿತ್ತು. ಬಳಿಕ ಪೋರ್ಚುಗೀಸರು ಊರಿನ ಗಾಂವ್‌ಕಾರರನ್ನು ಮಾತುಕತೆಗೆಂದು ಅಸೋಳ್ಣೆಯ ಕೋಟೆಗೆ ಕರೆಸಿ ವಿಚಾರಣೆಯಿಲ್ಲದೆ ಕೊಂದರು. ರಕ್ತಕ್ಕೆ ರಕ್ತ ಸೇರಿತು.

ಇಂಥ ನೆಲದಲ್ಲಿ ಒಬ್ಬ ಪರದೇಶಿ ಗುರು ಏನು ಮಾಡಬೇಕು? ಸ್ಟೀಫನ್ಸ್ ಆ ಆಳ್ವಿಕೆಯ ಆಸರೆಯಲ್ಲೇ ಬದುಕಿದವರು. ಅದನ್ನು ಅವರು ಬಹಿರಂಗವಾಗಿ ಎದುರಿಸಿದರೆಂದು ಹೇಳಲಾಗದು. ಆದರೆ ಬಲ ಮತ್ತು ಆಜ್ಞೆ ತಲುಪದ ಜಾಗವೊಂದು ಮನುಷ್ಯನೊಳಗಿದೆ, ಅಲ್ಲಿಗೆ ಹೋಗಲು ಮಾತಿನ ದಾರಿಯೇ ಬೇಕು ಎಂಬುದನ್ನು ಅವರ ಬದುಕು ತೋರಿಸುತ್ತದೆ. ಅವರು ಕಲಿಯಲು ಕುಳಿತರು. ಜನ ಆಡುವ ಕೊಂಕಣಿ ಕಲಿತರು, ಪುರಾಣಗಳ ಭಾಷೆಯಾಗಿದ್ದ ಮರಾಠಿ ಕಲಿತರು. 1583ರಲ್ಲೇ ಸಹೋದರ ರಿಚರ್ಡನಿಗೆ ಬರೆದ ಪತ್ರದಲ್ಲಿ ಇಲ್ಲಿಯ ಭಾಷೆಗಳ ರಚನೆಗೂ ಗ್ರೀಕ್ ಲ್ಯಾಟಿನ್‌ಗಳ ರಚನೆಗೂ ಇರುವ ಹೋಲಿಕೆಯನ್ನು ಗುರುತಿಸಿದರು. ಯುರೋಪಿನ ಪಂಡಿತರು ಇದೇ ಮಾತನ್ನು ಗಟ್ಟಿಯಾಗಿ ಹೇಳಿದ್ದು ಸುಮಾರು ಇನ್ನೂರು ವರ್ಷಗಳ ನಂತರ.

ಒಬ್ಬ ಬ್ರಾಹ್ಮಣನ ಬೇಡಿಕೆ

ಕ್ರಿಸ್ತ ಪುರಾಣ ಹುಟ್ಟಿದ ಬಗೆಯನ್ನು ಆ ಕೃತಿಯೇ ಆರಂಭದ ಅಧ್ಯಾಯದಲ್ಲಿ ತಿಳಿಸುತ್ತದೆ. ಚರ್ಚಿನಲ್ಲಿ ಜ್ಞಾನೋಪದೇಶ ನಡೆಯುತ್ತಿದ್ದಾಗ ಕ್ರೈಸ್ತನಾಗಿದ್ದ ಒಬ್ಬ ಬ್ರಾಹ್ಮಣ ಗುರುಗಳ ಮುಂದೆ ಬೇಡಿಕೆಯಿಡುತ್ತಾನೆ. ಕಲಿಸುವ ಉಪದೇಶವೇನೋ ಒಳ್ಳೆಯದೇ. ಆದರೆ ನಮ್ಮ ಹಳೆಯ ಪುರಾಣಗಳನ್ನು ನಿಷೇಧಿಸಿದಿರಿ, ಅವುಗಳ ಜಾಗದಲ್ಲಿ ಓದಿ ಹಾಡಲು ನಮ್ಮ ಮಾತಿನಲ್ಲಿ ಏನನ್ನು ಕೊಡುತ್ತೀರಿ ಎಂಬುದು ಅವನ ಪ್ರಶ್ನೆಯ ಸಾರ. ಸಂಜೆ ಹೊತ್ತು ಮನೆಯಲ್ಲಿ ದೀಪ ಹಚ್ಚಿ ಕಥೆ ಕೇಳುತ್ತಿದ್ದ ಜನರಿಗೆ ಆ ಹೊತ್ತು ಈಗ ಬರಿದಾಗಿತ್ತು.

ಸ್ಟೀಫನ್ಸ್ ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕಲಿಲ್ಲ. ಅದಕ್ಕೆ ಉತ್ತರವಾಗಿ ಬಂದದ್ದೇ ಅವರ ಕ್ರಿಸ್ತ ಪುರಾಣ. 1616ರಲ್ಲಿ ರಾಚೋಲ್‌ನಲ್ಲಿ ಅಚ್ಚಾದ ಈ ಕೃತಿಯಲ್ಲಿ ಸುಮಾರು 11,000 ಓವಿಗಳಿವೆ. ಜ್ಞಾನೇಶ್ವರರು, ಏಕನಾಥರು ಬಳಸಿದ ಓವಿ ಛಂದಸ್ಸನ್ನೇ ಅವರೂ ಆರಿಸಿಕೊಂಡರು. ಭಾಷೆ ಮರಾಠಿ, ಸಾಮಾನ್ಯರಿಗೂ ತಿಳಿಯಲೆಂದು ನಡುನಡುವೆ ಕೊಂಕಣಿ ಮಾತುಗಳು. ಸ್ವರ್ಗಕ್ಕೆ ವೈಕುಂಠವೆಂದರು, ರಕ್ಷಣೆಗೆ ಮುಕ್ತಿಯೆಂದರು. ಇಂದು ನಾವು ಲೆಂಟ್ ಎಂಬುದಕ್ಕೆ ತಪಸ್ಸುಕಾಲವೆಂದೂ ಬೂದಿಗೆ ವಿಭೂತಿಯೆಂದೂ ಸಹಜವಾಗಿ ಹೇಳುತ್ತೇವಲ್ಲ, ಅಂಥ ದಾರಿಯನ್ನು ನಮ್ಮ ತೀರದಲ್ಲಿ ಮೊದಮೊದಲು ತುಳಿದವರಲ್ಲಿ ಅವರೊಬ್ಬರು. ಈ ಭಾಷೆಗಳನ್ನು ಇಲ್ಲಿಯ ಲಿಪಿಯಲ್ಲೇ ಅಚ್ಚು ಹಾಕಬೇಕೆಂಬ ಆಸೆಯೂ ಅವರಿಗಿತ್ತು. 1608ರಲ್ಲಿ ಅದಕ್ಕಾಗಿ ರೋಮಿಗೆ ಪತ್ರ ಬರೆದರು. ಆ ಆಸೆ ಕೈಗೂಡದೆ ಪುರಾಣ ರೋಮನ್ ಲಿಪಿಯಲ್ಲೇ ಬಂತು.

ಕೃತಿಯ ವಿನ್ಯಾಸವನ್ನು ತಪಸ್ಸುಕಾಲದ ಓದುಗರು ಗಮನಿಸಬೇಕು. ಮೊದಲ ಪುರಾಣ ಹಳೆಯ ಒಡಂಬಡಿಕೆಯದು: ಸೃಷ್ಟಿ, ಆದಿ ತಂದೆತಾಯಿಯರ ಪತನ, ಪಿತೃಗಳು, ಪ್ರವಾದಿಗಳು, ರಕ್ಷಕನಿಗಾಗಿ ಕಾಯುವಿಕೆ. ಎರಡನೆಯ ಪುರಾಣ ಯೇಸುಸ್ವಾಮಿಯ ಜನನದಿಂದ ಯಾತನೆ, ಮರಣ, ಪುನರುತ್ಥಾನದವರೆಗೆ. ಪಾಸ್ಖ ಜಾಗರಣೆಯ ರಾತ್ರಿ ನಾವು ಕೇಳುವುದೂ ಇದೇ ಕ್ರಮದಲ್ಲಿ. ಅಂದು ಹಳೆಯ ಒಡಂಬಡಿಕೆಯ ಏಳು ವಾಚನಗಳು ಸೃಷ್ಟಿಯ ಕಥೆಯಿಂದ ಆರಂಭವಾಗಿ ಪ್ರವಾದಿಗಳವರೆಗೆ ನಡೆಯುತ್ತವೆ. ಬಳಿಕ ಪೌಲರ ಪತ್ರ, ಕೊನೆಗೆ ಖಾಲಿ ಸಮಾಧಿಯ ಶುಭಸಂದೇಶ. ತಪಸ್ಸುಕಾಲದ ದಿನದಿನದ ವಾಚನಗಳು ನಮ್ಮನ್ನು ಸಿದ್ಧಪಡಿಸುವುದು ಆ ರಾತ್ರಿಗಾಗಿ. ಬೈಬಲ್ಲಿನ ಒಂದು ಪ್ರತಿಯೂ ಮನೆಯಲ್ಲಿ ಇಲ್ಲದ, ಲ್ಯಾಟಿನ್ ಪೂಜೆ ಅರ್ಥವಾಗದ ಜನರಿಗೆ ಆ ಇಡೀ ಕಥೆಯನ್ನು ಹಾಡಿನ ರೂಪದಲ್ಲಿ ಸ್ಟೀಫನ್ಸ್ ಕೈಗಿತ್ತರು. ಭಾನುವಾರಗಳಲ್ಲಿ, ಹಬ್ಬಗಳಲ್ಲಿ ಚರ್ಚುಗಳಲ್ಲಿ ಅದನ್ನು ಹಾಡಿ ಓದುವ ರೂಢಿ ಬೆಳೆಯಿತು.

ಪುರಾಣ ಅಚ್ಚಾದಾಗ ಅವರಿಗೆ ಅರವತ್ತು ದಾಟಿತ್ತು. ಈ ಮಣ್ಣಿಗೆ ಬಂದು 37 ವರ್ಷಗಳಾಗಿದ್ದವು. ಬರೆಯುವ ಮೊದಲು ಅಷ್ಟು ದೀರ್ಘ ಕಾಲ ಅವರು ಕೇಳಿಸಿಕೊಂಡಿದ್ದರು. 1619ರಲ್ಲಿ ಗೋವಾದಲ್ಲೇ ತೀರಿಕೊಂಡರು. ಅವರ ಕೊಂಕಣಿ ಜ್ಞಾನೋಪದೇಶ 1622ರಲ್ಲಿ, ಕೊಂಕಣಿ ವ್ಯಾಕರಣ 1640ರಲ್ಲಿ, ಎರಡೂ ಮರಣಾನಂತರ ರಾಚೋಲ್‌ನಲ್ಲಿ ಅಚ್ಚಾದವು. ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿಲ್ಲ, ಪಂಚಾಂಗದಲ್ಲಿ ಅವರಿಗೊಂದು ಹಬ್ಬವೂ ಇಲ್ಲ.

ಗೋವಾದಿಂದ ನಮ್ಮ ಮನೆಗಳಿಗೆ

ಕ್ರಿಸ್ತ ಪುರಾಣ 1649 ಮತ್ತು 1654ರಲ್ಲಿ ಮರುಮುದ್ರಣವಾಯಿತು. ಆದರೆ ಗಾಳಿ ತಿರುಗಿತು. 1684ರಲ್ಲಿ ಗೋವಾದ ವೈಸ್‌ರಾಯ್ ಆಜ್ಞೆ ಹೊರಡಿಸಿ, ಜನ ಮೂರು ವರ್ಷಗಳೊಳಗೆ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂದ. ಜನರ ಮಾತನ್ನು ಕಲಿಯಲು ಒಬ್ಬ ಗುರು ಬದುಕನ್ನೇ ಸವೆಸಿದ್ದ ನಾಡಿನಲ್ಲಿ ಆ ಮಾತೇ ಅಪರಾಧವಾಯಿತು. ಪುರಾಣದ ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ದೊರೆತಿಲ್ಲ.

ಅದು ಉಳಿದದ್ದು ಜನರ ಕೈಬರಹದಲ್ಲಿ. ಗೋವಾದಿಂದ ಕೆನರಾಕ್ಕೆ ಬಂದು ನೆಲೆಸಿದ ಕುಟುಂಬಗಳು ನೆಲ ಬಿಟ್ಟರೂ ಪುರಾಣ ಬಿಡಲಿಲ್ಲ. ಒಂದು ಪ್ರತಿ ನೋಡಿ ಇನ್ನೊಂದು ಬರೆದುಕೊಂಡವು. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ನಮ್ಮ ಹಿರಿಯರ ನೆನಪಿನಲ್ಲಿ ಆ ದಿನ ವಿಭೂತಿ ಬುಧವಾರ. ಆ ಸೆರೆ ಮುಗಿದದ್ದು 1799ರಲ್ಲಿ. ಗುರುಗಳಿಲ್ಲದ, ಚರ್ಚುಗಳಿಲ್ಲದ ಆ ದಿನಗಳಲ್ಲಿ ಪುರಾಣದ ಓವಿಗಳೇ ಜನರಿಗೆ ಆಸರೆಯಾದವೆಂದು ಕರಾವಳಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಬಾಯಿಪಾಠವಾದ ಹಾಡನ್ನು ಯಾರೂ ಕಸಿದುಕೊಳ್ಳಲಾರರಲ್ಲವೇ?

ಈ ಕೈಬರಹದ ಪ್ರತಿಗಳಿಂದಲೇ 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹಾ ಅವರು ಮಂಗಳೂರಿನಲ್ಲಿ ಕ್ರಿಸ್ತ ಪುರಾಣವನ್ನು ಮತ್ತೆ ಅಚ್ಚಿಗೆ ತಂದರು. ಇಂದಿನ ಜಗತ್ತು ಈ ಕೃತಿಯನ್ನು ಓದಲು ಸಾಧ್ಯವಾದದ್ದರಲ್ಲಿ ನಮ್ಮ ಮಂಗಳೂರಿನ ಪಾಲು ದೊಡ್ಡದು. ಮುಂದೆ ಲಂಡನ್ನಿನಲ್ಲಿ ದೇವನಾಗರಿ ಲಿಪಿಯ ಹಸ್ತಪ್ರತಿಯೂ ಸಿಕ್ಕಿತು, 1956ರಲ್ಲಿ ದೇವನಾಗರಿ ಆವೃತ್ತಿ ಬಂತು. ಗೋವಾದ ಕೊಂಕಣಿ ಸಂಶೋಧನ ಕೇಂದ್ರವೊಂದು ಈಗ ಸ್ಟೀಫನ್ಸರ ಹೆಸರನ್ನೇ ಹೊತ್ತಿದೆ.

ಈ ನಲವತ್ತು ದಿನಗಳಲ್ಲಿ

ಅಂದು ಸೆರೆಯಾಳಾಗಿ ಘಟ್ಟ ಹತ್ತಿದವರ ವಂಶಜರು ಇಂದು ಓದಿಗಾಗಿ, ಕೆಲಸಕ್ಕಾಗಿ ರಾತ್ರಿ ಬಸ್ಸಿನಲ್ಲಿ ಅದೇ ಘಟ್ಟ ಹತ್ತಿ ಬೆಂಗಳೂರು ಸೇರುತ್ತಾರೆ. ಈಗ ಅವರ ಮಾತನ್ನು ಯಾವ ವೈಸ್‌ರಾಯಿಯೂ ನಿಷೇಧಿಸಿಲ್ಲ. ಆದರೂ ಆಜ್ಞೆ ಮಾಡಿ ಸಾಧಿಸಲಾಗದ್ದು ನಮ್ಮ ಮನೆಗಳಲ್ಲಿ ತಾನಾಗಿಯೇ ಆಗುತ್ತಿದೆ. ಇದನ್ನು ಯುವಕರ ತಪ್ಪೆಂದು ದೂರುವುದು ನ್ಯಾಯವಲ್ಲ. ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತಾಡಿದರೆ ಒಳ್ಳೆಯದಾಗುತ್ತದೆಂದು ನಂಬಿದವರು ನಾವು ಹಿರಿಯರೇ. ಗುರುಗಳಾದ ನಮ್ಮದೂ ತಪ್ಪಿದೆ. ಸಿದ್ಧವಾಗಿ ಸಿಗುವ ಇಂಗ್ಲಿಷ್ ಚಿಂತನೆಯನ್ನು ಹಂಚುವುದು ಸುಲಭ, ನಮ್ಮ ಮಾತಿನಲ್ಲಿ ಕುಳಿತು ಬರೆಯುವುದು ಕಷ್ಟ. ಈ ತಪಸ್ಸುಕಾಲದ ಆತ್ಮಶೋಧನೆಯಲ್ಲಿ ನಾನು ಅದನ್ನೂ ಸೇರಿಸಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಓದಿದ ದೇವರ ವಾಕ್ಯ ದೇವರ ವಾಕ್ಯವಲ್ಲವೆಂದು ಇದರರ್ಥವಲ್ಲ. ಆದರೆ ಒಂದು ಮನೆಯವರು ಒಟ್ಟಿಗೆ ಕುಳಿತಾಗ ಎಲ್ಲರಿಗೂ ತಾಗುವ ಮಾತು ಬೇಕು. ದಿನದ ಚಿಂತನೆ ಮೊಬೈಲಿನಲ್ಲಿ ಬಂದರೆ ಬರಲಿ. ಸಂಜೆ ಜಪಸರದ ಹೊತ್ತಿಗೆ ಅಂದಿನ ಶುಭಸಂದೇಶವನ್ನು ಕೊಂಕಣಿಯಲ್ಲೋ ಕನ್ನಡದಲ್ಲೋ ಒಬ್ಬರು ಗಟ್ಟಿಯಾಗಿ ಓದಲಿ. ಮಗು ತಡವರಿಸಿದರೆ ಅಜ್ಜಿ ತಿದ್ದಲಿ. ಕೇಳಿದ ಕಥೆಯನ್ನು ಮಗು ತನಗೆ ಬಂದ ಮಾತಿನಲ್ಲಿ ತಿರುಗಿ ಹೇಳಲಿ. ಇದಕ್ಕೆ ಹತ್ತು ನಿಮಿಷ ಸಾಕು. ಧರ್ಮಕೇಂದ್ರಗಳ ವಾಳೆಯ ಗುರಿಕಾರರು ತಮ್ಮ ವಾಳೆಯ ಒಂದೆರಡು ಮನೆಗಳಲ್ಲಾದರೂ ಇದನ್ನು ಆರಂಭಿಸಿ ನೋಡಬಹುದು.

ಆ ಬ್ರಾಹ್ಮಣ ಕೇಳಿದ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ. ನಮ್ಮ ಸಂಜೆಗಳಿಗೆ, ನಮ್ಮ ಮಾತಿನಲ್ಲಿ, ಏನು ಕೊಡುತ್ತೀರಿ? ಸ್ಟೀಫನ್ಸ್ ತಮ್ಮ ಕಾಲದಲ್ಲಿ ಉತ್ತರ ಕೊಟ್ಟು ಹೋದರು. ನಮ್ಮ ಕಾಲದ ಉತ್ತರವನ್ನು ನಾವು ಕೊಡಬೇಕಾಗಿದೆ. ಎಲ್ಲ ಓದುಗರಿಗೂ ಫಲಭರಿತ ತಪಸ್ಸುಕಾಲವನ್ನು ಹಾರೈಸುತ್ತೇನೆ.