ಹ್ಯಾರಿ ನೈಕ್ವಿಸ್ಟ್

ಸಿನಿಮಾದಲ್ಲಿ ಮುಂದಕ್ಕೆ ಓಡುತ್ತಿರುವ ಜಟಕಾ ಗಾಡಿಯ ಚಕ್ರ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನಾವೆಲ್ಲರೂ ನೋಡಿದ್ದೇವೆ. ಕ್ಯಾಮೆರಾ ಸೆಕೆಂಡಿಗೆ 24 ಚಿತ್ರಗಳನ್ನಷ್ಟೇ ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರದ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗದ ಸಮೀಪಕ್ಕೆ ಬಂದಿರುತ್ತದೆ. ಕಡ್ಡಿಗಳೆಲ್ಲ ಒಂದೇ ತರಹ ಇರುವುದರಿಂದ, ಮುಂದಿನ ಕಡ್ಡಿಯೇ ತುಸು ಹಿಂದೆ ಸರಿಯಿತೆಂದು ನಾವು ಮೋಸಹೋಗುತ್ತೇವೆ. ಹಾಗಾದರೆ ಓಡುವ ವಸ್ತುವನ್ನು ಸೆಕೆಂಡಿಗೆ ಎಷ್ಟು ಬಾರಿ ನೋಡಿದರೆ ಮೋಸವಾಗದು? ಇದಕ್ಕೆ ಲೆಕ್ಕದ ದಾರಿ ತೋರಿದವರಲ್ಲಿ ಹ್ಯಾರಿ ನೈಕ್ವಿಸ್ಟರು ಮೊದಲಿಗರು.

ಇವರು 1889ರ ಫೆಬ್ರವರಿ 7ರಂದು ಸ್ವೀಡನ್ ದೇಶದ ನಿಲ್ಸ್‌ಬಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಓದಿನಲ್ಲಿ ಜಾಣ; ಆದರೆ ಮುಂದೆ ಓದಿಸುವ ಶಕ್ತಿ ತಂದೆತಾಯಿಗಳಿಗಿರಲಿಲ್ಲ. ಹುಡುಗ ಕೆಲಸ ಮಾಡಿ ಹಣ ಕೂಡಿಸಿ 1907ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೊರಟುಹೋದ. ಮನೆಮಾತು ಸ್ವೀಡಿಷ್; ಅಲ್ಲಿ ಎಲ್ಲವೂ ಇಂಗ್ಲಿಷ್. ನಾರ್ತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ 1914ರಲ್ಲಿ ಪದವಿಯನ್ನೂ 1915ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, 1917ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಅದೇ ವರ್ಷ ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಯ ಕೆಲಸಕ್ಕೆ ಸೇರಿ, 1954ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ದುಡಿದರು.

ಆಗಿನ ಚಿಂತೆ ತಂತಿ ಸಂದೇಶದ್ದು. ಒಂದು ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಮಿಡಿತಗಳನ್ನು, ಒಂದಕ್ಕೊಂದು ಕಲಸಿಹೋಗದಂತೆ, ಕಳುಹಿಸಬಹುದು? 1924 ಮತ್ತು 1928ರ ಲೇಖನಗಳಲ್ಲಿ ನೈಕ್ವಿಸ್ಟರು ಇದನ್ನು ಬಿಡಿಸಿದರು: ತಂತಿ ಸಾಗಿಸಬಲ್ಲ ಕಂಪನಗಳ ವ್ಯಾಪ್ತಿ ಎಷ್ಟೋ, ಮಿಡಿತಗಳು ಹೆಚ್ಚೆಂದರೆ ಅದರ ಎರಡರಷ್ಟು. ಇದನ್ನೇ ತಿರುಗಿಸಿ ಹೇಳಿದರೆ, ಒಂದು ತರಂಗವನ್ನು ಅಂಕಿಗಳಲ್ಲಿ ಹಿಡಿದಿಡಬೇಕಾದರೆ ಅದರ ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಈ ರೂಪದಲ್ಲಿ ಅದನ್ನು ಸಾಧಿಸಿದವರು ರಷ್ಯದ ಕೊಟೆಲ್ನಿಕೊವ್ (1933) ಮತ್ತು ಅಮೆರಿಕದ ಶಾನನ್ (1949). ಆದರೂ ನೈಕ್ವಿಸ್ಟರ ಹೆಸರು ಅದಕ್ಕೆ ಅಂಟಿಕೊಂಡಿತು. ನ್ಯಾಯವಾಗಿಯೇ ಎಂದು ನಮಗೆ ತೋರುತ್ತದೆ.

ಟೆಲಿಫೋನಿನಲ್ಲಿ ಮಾತಿನ ಕಂಪನಗಳನ್ನು ಸುಮಾರು 3,400ಕ್ಕೆ ತಡೆದು, ಸೆಕೆಂಡಿಗೆ 8,000 ಬಾರಿ ಅಳೆಯುವ ಪದ್ಧತಿ ಬಂದದ್ದು ಹೀಗೆ. ಸಂಗೀತದ ಸಿ.ಡಿ.ಯಲ್ಲಿ ಈ ಸಂಖ್ಯೆ 44,100. ಅಳತೆ ಕಡಿಮೆಯಾದರೆ ಇಲ್ಲದ ಸ್ವರವೊಂದು ಒಳಗೆ ನುಸುಳುತ್ತದೆ. ಒಮ್ಮೆ ನುಸುಳಿದ ಮೇಲೆ ಅದು ಸುಳ್ಳೆಂದು ಅಂಕಿಗಳನ್ನು ನೋಡಿ ತಿಳಿಯುವ ಹಾಗಿಲ್ಲ. ಆದ್ದರಿಂದ ಹೆಚ್ಚಿನ ಕಂಪನಗಳನ್ನು ಅಳೆಯುವ ಮೊದಲೇ ಸೋಸಿಬಿಡುತ್ತಾರೆ.

ಎಷ್ಟು ಬಾರಿ ಎಂಬುದಷ್ಟೇ ಸಾಲದು, ಯಾವ ಕ್ಷಣದಲ್ಲಿ ಎಂಬುದೂ ಮುಖ್ಯ. ಅದನ್ನು ಹೇಳುವುದು ಯಂತ್ರದೊಳಗಿನ ಗಡಿಯಾರ. ಕಂಪಿಸುವ ಸ್ಫಟಿಕದ ಮೊದಲ ಗಡಿಯಾರವನ್ನು 1927ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾರಿಸನ್ ಮತ್ತು ಹಾರ್ಟನ್ ರೂಪಿಸಿದ್ದರು. ಭೂಕಂಪ ಅಳೆಯುವ ಎರಡು ಯಂತ್ರಗಳ ಗಡಿಯಾರಗಳಲ್ಲಿ ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಿದೆ ಎನ್ನೋಣ. ಒಂದೇ ದಿನದಲ್ಲಿ ಅವು 0.86 ಸೆಕೆಂಡು ದೂರವಾಗುತ್ತವೆ. ಭೂಮಿಯ ಚಿಪ್ಪಿನಲ್ಲಿ ಕಂಪದ ಮೊದಲ ಅಲೆ ಅಷ್ಟರೊಳಗೆ ಸುಮಾರು 5 ಕಿಲೋಮೀಟರ್ ಸಾಗಿರುತ್ತದೆ! ನೆಲ ನಡುಗಿದ ಜಾಗವನ್ನು ಹುಡುಕುವ ಲೆಕ್ಕ ಅಷ್ಟರಮಟ್ಟಿಗೆ ತಪ್ಪೀತು. ಅದಕ್ಕಾಗಿ ಇಂದು ಇಂಥ ಯಂತ್ರಗಳು ಉಪಗ್ರಹ ಕಳಿಸುವ ಸಮಯಕ್ಕೆ ತಮ್ಮ ಗಡಿಯಾರಗಳನ್ನು ಹೊಂದಿಸಿಕೊಳ್ಳುತ್ತವೆ.

ತಂತಿಗಳಲ್ಲಿ ಶಾಖದಿಂದ ಹುಟ್ಟುವ ಗದ್ದಲದ ಲೆಕ್ಕ (1928), ವಿದ್ಯುತ್ ವರ್ಧಕಗಳು ಹತೋಟಿ ತಪ್ಪದಿರುವ ನಿಯಮ (1932) ಕೂಡ ನೈಕ್ವಿಸ್ಟರವೇ. 138 ಪೇಟೆಂಟುಗಳು ಇವರ ಹೆಸರಿನಲ್ಲಿವೆ. ಬೆಲ್ ಪ್ರಯೋಗಾಲಯದಲ್ಲಿ ಒಂದು ಕಥೆ ಉಳಿದುಬಂದಿದೆ. ಅತಿ ಹೆಚ್ಚು ಪೇಟೆಂಟ್ ಪಡೆದವರಲ್ಲಿ ಸಮಾನವಾದದ್ದು ಏನೆಂದು ಅಲ್ಲಿನ ವಕೀಲರು ಹುಡುಕಿದರಂತೆ. ಸಿಕ್ಕಿದ್ದು ಒಂದೇ: ಅವರು ಆಗಾಗ ನೈಕ್ವಿಸ್ಟರ ಜೊತೆ ಕುಳಿತು ಊಟ ಮಾಡುತ್ತಿದ್ದರು. ಉತ್ತರ ಹೇಳಿಕೊಡುತ್ತಿದ್ದರೆಂದಲ್ಲ, ಒಳ್ಳೆಯ ಪ್ರಶ್ನೆ ಕೇಳುತ್ತಿದ್ದರು.

1976ರ ಏಪ್ರಿಲ್ 4ರಂದು, 87ನೆಯ ವಯಸ್ಸಿನಲ್ಲಿ, ಟೆಕ್ಸಾಸ್ ಪ್ರಾಂತದ ಹಾರ್ಲಿಂಜನ್ ಊರಿನಲ್ಲಿ ಅವರು ತೀರಿಕೊಂಡರು. ಅಳತೆಯ ವೇಗದ ಅರ್ಧಕ್ಕೆ ಎಂಜಿನಿಯರುಗಳು ನೈಕ್ವಿಸ್ಟ್ ಆವರ್ತನ ಎಂದೇ ಕರೆಯುತ್ತಾರೆ.