ಕೌಂಟ್ ರಮ್‌ಫರ್ಡ್

ತುಂಗೆಯ ದಡದ ಮಂಡಗದ್ದೆಯ ಸುತ್ತಿನ ಮಲೆನಾಡಿನಲ್ಲಿ ಮಳೆಗಾಲವೆಂದರೆ ಒಲೆಗೆ ಪರೀಕ್ಷೆಯ ಕಾಲ. ಎಷ್ಟೇ ಜೋಪಾನ ಮಾಡಿದರೂ ಸೌದೆ ತೇವವನ್ನು ಹೀರುತ್ತದೆ. ಊದುಗೊಳವೆ ಹಿಡಿದ ಗೃಹಿಣಿಯ ಕಣ್ಣಿನಲ್ಲಿ ನೀರಿಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿರುವ ವಸ್ತುಗಳನ್ನು ಬೂಷ್ಟು ಹಿಡಿಯದಂತೆ ಕಾಯುವುದು ಹೊಗೆಯೇ. ಆದರೆ ಅಡಿಗೆ ಮಾಡುವವರ ಕಣ್ಣು ಮತ್ತು ಶ್ವಾಸಕೋಶಗಳನ್ನು ಕೆಡಿಸುವುದೂ ಅದೇ ಹೊಗೆ. ಒಲೆಯಿಂದೆದ್ದ ಹೊಗೆ ಕೊಳವೆಯ ಹಾದಿ ಹಿಡಿಯದೆ ಕೋಣೆಗೆ ಏಕೆ ಮರಳುತ್ತದೆ? ಈ ಪ್ರಶ್ನೆ ವಿದ್ವಾಂಸರ ಗಮನಕ್ಕೆ ತಕ್ಕುದಲ್ಲವೆಂದು ಬಹುಕಾಲ ಜನರು ಭಾವಿಸಿದ್ದರು. ಹಾಗೆ ಭಾವಿಸದೆ ಅದನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಕೌಂಟ್ ರಮ್‌ಫರ್ಡ್ ಪ್ರಮುಖನು.

ರಮ್‌ಫರ್ಡನ ಮೊದಲಿನ ಹೆಸರು ಬೆಂಜಮಿನ್ ಥಾಂಪ್ಸನ್. ಈತನು 1753ರ ಮಾರ್ಚ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಬರ್ನ್ ಎಂಬ ಊರಿನಲ್ಲಿ ಜನಿಸಿದನು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹದಿಮೂರನೆಯ ವಯಸ್ಸಿನಲ್ಲಿ ಸೇಲಂ ಪಟ್ಟಣದ ವರ್ತಕನೊಬ್ಬನ ಬಳಿ ಕೆಲಸಕ್ಕೆ ಸೇರಿದನು. ಅಂಗಡಿಯ ಲೆಕ್ಕಕ್ಕಿಂತ ಯಂತ್ರಗಳಲ್ಲಿಯೂ ಪ್ರಯೋಗಗಳಲ್ಲಿಯೂ ಅವನಿಗೆ ಆಸಕ್ತಿ ಹೆಚ್ಚು. 1772ರಲ್ಲಿ ಸಾರಾ ರೋಲ್ಫ್ ಎಂಬ ಸಿರಿವಂತ ವಿಧವೆಯನ್ನು ವಿವಾಹವಾದನು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಬಿಸಿ ಏರತೊಡಗಿತು. ಥಾಂಪ್ಸನ್ ಇಂಗ್ಲೆಂಡಿನ ದೊರೆಯ ಪಕ್ಷ ಹಿಡಿದನು. ಊರವರ ಕೋಪಕ್ಕೆ ಅಂಜಿ, ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು 1774ರಲ್ಲಿ ಪಲಾಯನ ಮಾಡಿದನು. 1776ರಲ್ಲಿ ಲಂಡನ್ನಿಗೆ ಹೊರಟುಹೋದನು. ಆ ಹೆಂಡತಿಯನ್ನು ಅವನು ಮತ್ತೆಂದೂ ನೋಡಲಿಲ್ಲ.

ಲಂಡನ್ನಿನಲ್ಲಿ ಅವನ ಬುದ್ಧಿಶಕ್ತಿಗೆ ಮನ್ನಣೆ ದೊರೆಯಿತು. 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. 1784ರಲ್ಲಿ ಮೂರನೆಯ ಜಾರ್ಜ್ ದೊರೆ ಅವನಿಗೆ ‘ಸರ್’ ಪದವಿಯನ್ನಿತ್ತನು. ಅನಂತರ ಅವನು ಜರ್ಮನಿಯ ಬವೇರಿಯಾ ರಾಜ್ಯದ ಸೇವೆಗೆ ಸೇರಿದನು. ಅಲ್ಲಿನ ರಾಜಧಾನಿ ಮ್ಯೂನಿಕ್ಕಿನಲ್ಲಿ ಭಿಕ್ಷುಕರು ತುಂಬಿಕೊಂಡಿದ್ದರು. 1790ರ ಜನವರಿ ಒಂದರಂದು ಥಾಂಪ್ಸನ್ ಅವರನ್ನು ಒಟ್ಟುಗೂಡಿಸಿ ದುಡಿಮೆಯ ಮನೆಗೆ ಸೇರಿಸುವ ಏರ್ಪಾಡು ಮಾಡಿದನು. ಅಲ್ಲಿ ಅವರಿಗೆ ಕೆಲಸ, ಕೂಲಿ, ಬಿಸಿಯೂಟ ಮೂರೂ ದೊರೆತವು. ಇಂದಿಗೂ ಮ್ಯೂನಿಕ್ಕಿನ ಹೆಮ್ಮೆಯಾಗಿರುವ ‘ಇಂಗ್ಲಿಷ್ ತೋಟ’ ಅವನ ಯೋಜನೆಯಿಂದಲೇ ಮೂಡಿದುದು. ಈ ಸೇವೆಗಾಗಿ ಅವನಿಗೆ ಕೌಂಟ್ ಪದವಿ ದೊರೆತಾಗ, ತಾನು ಬಿಟ್ಟು ಬಂದ ಹೆಂಡತಿಯ ಊರಿನ ಹಳೆಯ ಹೆಸರಾದ ‘ರಮ್‌ಫರ್ಡ್’ ಎಂಬುದನ್ನೇ ಅವನು ಆರಿಸಿಕೊಂಡನು.

ನೂರಾರು ಬಡವರಿಗೆ ದಿನವೂ ಅಡಿಗೆಯಾಗಬೇಕು. ಸೌದೆಯ ವೆಚ್ಚ ಮಾತ್ರ ಮಿತಿಯಲ್ಲಿರಬೇಕು. ಈ ಅಗತ್ಯವೇ ರಮ್‌ಫರ್ಡನನ್ನು ಒಲೆಯ ಕಡೆಗೆ ಸೆಳೆಯಿತು. ಬಯಲು ಉರಿಯ ಮೇಲೆ ಪಾತ್ರೆ ಇಟ್ಟರೆ ಶಾಖದ ಬಹುಪಾಲು ಪಾತ್ರೆಗೆ ತಾಗದೆ ವ್ಯರ್ಥವಾಗುವುದನ್ನು ಅವನು ಗಮನಿಸಿದನು. ಆದುದರಿಂದ ಇಟ್ಟಿಗೆಯ ಕಟ್ಟೆಯೊಳಗೆ ಪಾತ್ರೆಗಳನ್ನು ಹುದುಗಿಸಿ, ಪ್ರತಿಯೊಂದಕ್ಕೂ ಚಿಕ್ಕದಾದ, ಮುಚ್ಚಿದ ಬೆಂಕಿಗೂಡನ್ನು ಕಟ್ಟಿಸಿದನು. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಗಾಳಿ ಬರಲು ಕಿರುಬಾಗಿಲು, ಹೊಗೆಯ ಹಾದಿಯಲ್ಲಿ ಸರಿಸಬಹುದಾದ ತಡೆ—ಇವುಗಳಿಂದ ಉರಿಯನ್ನು ಬೇಕಾದಂತೆ ಹೆಚ್ಚಿಸುವುದೂ ತಗ್ಗಿಸುವುದೂ ಸಾಧ್ಯವಾಯಿತು.

ಶಾಖದ ಸ್ವರೂಪವೇನೆಂಬ ಪ್ರಶ್ನೆಯೂ ಅವನನ್ನು ಕಾಡುತ್ತಿತ್ತು. ಶಾಖವು ಕಣ್ಣಿಗೆ ಕಾಣದ ಒಂದು ದ್ರವವೆಂದು ಆ ಕಾಲದ ವಿದ್ವಾಂಸರಲ್ಲಿ ಅನೇಕರು ನಂಬಿದ್ದರು. ಮ್ಯೂನಿಕ್ಕಿನ ಆಯುಧಾಗಾರದಲ್ಲಿ ಫಿರಂಗಿಗಳಿಗೆ ರಂಧ್ರ ಕೊರೆಯುವಾಗ ಲೋಹ ಅತಿಯಾಗಿ ಕಾಯುವುದನ್ನು ರಮ್‌ಫರ್ಡ್ ಕಂಡನು. ಮೊಂಡು ಬೈರಿಗೆಯನ್ನು ಕುದುರೆಗಳ ಬಲದಿಂದ ಉಜ್ಜಿಸಿ, ಲೋಹವನ್ನು ನೀರಿನಲ್ಲಿ ಮುಳುಗಿಸಿಟ್ಟನು. ಎರಡೂವರೆ ಗಂಟೆಯಲ್ಲಿ ಆ ನೀರು ಬೆಂಕಿಯಿಲ್ಲದೆಯೇ ಕುದಿಯಿತು! ಉಜ್ಜುವವರೆಗೂ ಮುಗಿಯದೆ ಹುಟ್ಟುವುದು ದ್ರವವಾಗಿರಲಾರದು. ಅದು ಚಲನೆಯೇ ಆಗಿರಬೇಕೆಂದು 1798ರಲ್ಲಿ ಅವನು ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು.

ಇದಕ್ಕೆ ಮುನ್ನವೇ, 1795ರಲ್ಲಿ, ಅವನು ಲಂಡನ್ನಿಗೆ ಮರಳಿ ಬಂದಿದ್ದನು. ಅಲ್ಲಿನ ಮನೆಗಳ ಅಗ್ಗಿಷ್ಟಿಕೆಗಳು ಹೊಗೆಯನ್ನು ಕೋಣೆಗೇ ಕಾರುತ್ತಿದ್ದವು. ರಮ್‌ಫರ್ಡ್ ಮೊದಲು ರೋಗದ ಮೂಲವನ್ನು ಹುಡುಕಿದನು. ಕಾದ ಹೊಗೆ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಭಾರವಾದ ಹೊರಗಾಳಿ ಕೆಳಗಿನಿಂದ ಒತ್ತುವುದರಿಂದ ಹೊಗೆ ಮೇಲೇರುತ್ತದೆ. ಹೊಗೆ ಬಿಸಿಯಾಗಿದ್ದಷ್ಟೂ, ಕೊಳವೆ ಎತ್ತರವಾಗಿದ್ದಷ್ಟೂ ಈ ಸೆಳೆತ ಹೆಚ್ಚು. ಆದರೆ ಲಂಡನ್ನಿನ ಹೊಗೆಗೂಡುಗಳ ಕೊರಳು ಬಹಳ ಅಗಲವಾಗಿತ್ತು. ಹೊಗೆಯ ಜೊತೆಗೆ ಕೋಣೆಯ ತಣ್ಣನೆಯ ಗಾಳಿಯೂ ಅದರೊಳಗೆ ನುಗ್ಗಿ ಹೊಗೆಯನ್ನು ತಂಪುಗೊಳಿಸುತ್ತಿತ್ತು. ತಂಪಾದ ಹೊಗೆ ಏರುವ ಬಲವನ್ನು ಕಳೆದುಕೊಳ್ಳುತ್ತಿತ್ತು. ಅಗಲವಾದ ಹಾದಿಯಲ್ಲಿ ಮೇಲಿನಿಂದ ಇಳಿದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು.

ರೋಗ ತಿಳಿದ ಮೇಲೆ ಚಿಕಿತ್ಸೆ ಸುಲಭವಾಯಿತು. ಹೊಗೆಗೂಡಿನ ಕೊರಳನ್ನು ಅವನು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಿದನು. ಬಂಡೆಗಳ ಇಕ್ಕಟ್ಟಿನಲ್ಲಿ ಹೊಳೆಯ ನೀರು ಸೆಳವಿನಿಂದ ಹರಿಯುವಂತೆ, ಕಿರಿದಾದ ಕೊರಳಿನಲ್ಲಿ ಹೊಗೆ ವೇಗವಾಗಿ ಮೇಲೇರಿತು. ಕೊರಳಿನ ಮುಂಭಾಗದ ಚೂಪು ಅಂಚನ್ನು ದುಂಡಗೆ ಮಾಡಿಸಿದನು. ಬೆಂಕಿಯ ಹಿಂದಿನ ಗೋಡೆಯನ್ನು ಮುಂಭಾಗದ ತೆರಪಿನ ಮೂರನೆಯ ಒಂದು ಭಾಗದಷ್ಟು ಅಗಲಕ್ಕಿಳಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ನಿಲ್ಲಿಸಿದನು. ಇದರಿಂದ ಶಾಖವು ಕೋಣೆಯೊಳಗೆ ಪ್ರತಿಫಲಿಸಿತು. ಇದಕ್ಕೆ ಬೇಕಾದುದು ಕೆಲವು ಇಟ್ಟಿಗೆ, ಸ್ವಲ್ಪ ಗಾರೆ ಮಾತ್ರ. 1796ರಲ್ಲಿ ಅವನು ಈ ವಿಷಯವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದನು. ಲಂಡನ್ನಿನ ನೂರಾರು ಅಗ್ಗಿಷ್ಟಿಕೆಗಳು ಅವನ ಕ್ರಮದಂತೆ ಮಾರ್ಪಟ್ಟವು.

ಶ್ರೀರಂಗಪಟ್ಟಣವು ಪತನವಾದ 1799ರಲ್ಲಿಯೇ ಅತ್ತ ಲಂಡನ್ನಿನಲ್ಲಿ ರಮ್‌ಫರ್ಡನ ಪ್ರಯತ್ನದಿಂದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ವಿಜ್ಞಾನವನ್ನು ಜನರ ನಿತ್ಯಜೀವನಕ್ಕೆ ತಲುಪಿಸುವುದು ಅದರ ಗುರಿ. ಹಂಫ್ರಿ ಡೇವಿಯೂ ಅವನ ಬಳಿಕ ಮೈಕಲ್ ಫ್ಯಾರಡೆಯೂ ಅಲ್ಲಿಯೇ ಕೆಲಸ ಮಾಡಿ ಕೀರ್ತಿ ಗಳಿಸಿದರು. ಮುಂದೆ ರಮ್‌ಫರ್ಡ್ ಪ್ಯಾರಿಸಿನಲ್ಲಿ ನೆಲೆಸಿ, ಪ್ರಸಿದ್ಧ ರಸಾಯನ ವಿಜ್ಞಾನಿ ಲಾವೋಸಿಯೆಯ ವಿಧವೆಯನ್ನು ಮದುವೆಯಾದನು. ಆ ದಾಂಪತ್ಯವೂ ಬಹುಕಾಲ ಬಾಳಲಿಲ್ಲ. 1814ರ ಆಗಸ್ಟ್ 21ರಂದು ಪ್ಯಾರಿಸಿನ ಸಮೀಪದ ಓತೈ ಎಂಬಲ್ಲಿ ಅವನು ಕಾಲವಾದನು.

ರಮ್‌ಫರ್ಡನು ದೋಷರಹಿತನಲ್ಲ. ಅವನಲ್ಲಿ ಅಹಂಕಾರವಿತ್ತು, ಪದವಿಯ ಮೋಹವಿತ್ತು. ಜಗತ್ತಿನ ಮನೆಗಳನ್ನು ಬೆಚ್ಚಗಾಗಿಸಿದವನಿಗೆ ತನ್ನ ಮನೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೂ ಬಡವರ ಅಡಿಗೆಮನೆ ವಿಜ್ಞಾನಿಯ ಪ್ರಯೋಗಶಾಲೆಯಾಗಬಲ್ಲದೆಂದು ತೋರಿಸಿಕೊಟ್ಟ ಹಿರಿಮೆ ಅವನದು.

ಆ ದೃಷ್ಟಿ ನಮ್ಮ ನಾಡಿನಲ್ಲಿಯೂ ಫಲ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿಯೂ ಮುಚ್ಚಿದ ಬೆಂಕಿಗೂಡು, ಸೌದೆಯ ಕೆಳಗೆ ಜಾಲರಿ, ಮೂರು ಪಾತ್ರೆಗಳಿಗೆ ತಾಗಿಹೋಗುವ ಉರಿ, ಕೊನೆಗೆ ಹೊಗೆಕೊಳವೆ ಇವೆ. ಇಂತಹ ಒಲೆಯನ್ನು ಕಟ್ಟಿದರಷ್ಟೇ ಸಾಲದು. ಸೌದೆ ಒಣಗಿರಬೇಕು. ಕೊಳವೆ ನೆಟ್ಟಗಿದ್ದು, ಮಾಡಿನ ಮುಂಡಿಗೆಗಿಂತ ಎತ್ತರಕ್ಕೆ ಹೋಗಿರಬೇಕು. ಅದರಲ್ಲಿ ಕಟ್ಟಿದ ಮಸಿಯನ್ನು ಆಗಾಗ್ಗೆ ತೆಗೆಯಬೇಕು. ಹೊರಹೋದ ಹೊಗೆಯಷ್ಟೇ ಹೊಸ ಗಾಳಿ ಒಳಬರುವಂತೆ ಕಿಟಕಿ ತೆರೆದಿರಬೇಕು. ಮಳೆಗಾಲದಲ್ಲಿ ತಣ್ಣಗಾದ ಕೊಳವೆ ಕಾಯುವವರೆಗೆ ಸಣ್ಣ ಪುಳ್ಳೆಗಳ ಚುರುಕಾದ ಉರಿಯನ್ನೇ ಹಾಕಬೇಕು. ಇವೆಲ್ಲವೂ ರಮ್‌ಫರ್ಡ್ ವಿವರಿಸಿದ ನಿಯಮದಿಂದಲೇ ಹುಟ್ಟುವ ವಿವೇಕ.

ಆಕಾಶದ ನಕ್ಷತ್ರಗಳನ್ನು ಅಳೆಯುವುದು ವಿಜ್ಞಾನದ ಮಹತ್ಕಾರ್ಯವೆಂಬುದು ನಿಜ. ಒಲೆಯ ಮುಂದೆ ಕುಳಿತ ತಾಯಿಯ ಕಣ್ಣೀರನ್ನು ನಿಲ್ಲಿಸುವುದು ಅದಕ್ಕಿಂತ ಕಿರಿದಾದ ಕಾರ್ಯವಲ್ಲ.