ಪೀಟರ್ ಸ್ಟೈವೆಸೆಂಟ್: ಏಕಾಧಿಪತ್ಯದ ರಚನೆ
ಇಂದಿನ ನ್ಯೂಯಾರ್ಕ್-ನ್ಯೂಜೆರ್ಸಿ ಪ್ರದೇಶವು ಒಮ್ಮೆ ಡಚ್ಚರ ವಸಾಹತಾಗಿತ್ತು. 1647ರಿಂದ 1664ರವರೆಗೆ ಅದನ್ನಾಳಿದವನು ಪೀಟರ್ ಸ್ಟೈವೆಸೆಂಟ್. ಯುದ್ಧದಲ್ಲಿ ಬಲಗಾಲು ಕಳೆದುಕೊಂಡು ಮರಗಾಲಿನಲ್ಲಿ ನಡೆಯುತ್ತಿದ್ದ ಈತನನ್ನು ನೇಮಿಸಿದ್ದು ಡಚ್ ವೆಸ್ಟ್ ಇಂಡಿಯಾ ಕಂಪನಿ. ಶಾಸನ, ಆಡಳಿತ, ನ್ಯಾಯದಾನ ಮೂರೂ ಆತನ ಕೈಯಲ್ಲಿದ್ದವು. ಸಲಹಾ ಮಂಡಳಿಯೊಂದು ಇತ್ತಾದರೂ, ಜನರು ಸೂಚಿಸಿದ 18 ಹೆಸರುಗಳಿಂದ 9 ಮಂದಿಯನ್ನು ಆರಿಸಿದವನು ಆತನೇ. 1653ರಲ್ಲಿ ಸ್ಥಾಪನೆಯಾದ ನಗರಾಡಳಿತದ ಅಧಿಕಾರಿಗಳನ್ನು ನೇಮಿಸಿದವನೂ ಆತನೇ. 1657ರಲ್ಲಿ, ಇಂದು ಗಣಪತಿ ದೇವಾಲಯವಿರುವ ಫ್ಲಶಿಂಗ್‌ನ ನಿವಾಸಿಗಳು ಕ್ವೇಕರ್ ಪಂಥದವರನ್ನು ಪೀಡಿಸಲಾರೆವೆಂದು ಮನವಿ ಬರೆದಾಗ ಅವರಲ್ಲಿ ಕೆಲವರನ್ನು ಬಂಧಿಸಲಾಯಿತು. 1664ರಲ್ಲಿ ಇಂಗ್ಲಿಷರ ಹಡಗುಗಳು ಬಂದಾಗ ಆತ ಹೋರಾಡಬಯಸಿದ. ಆದರೆ ಸ್ವಂತ ಮಗನೂ ಸೇರಿದಂತೆ 93 ಪುರಪ್ರಮುಖರು ಶರಣಾಗತಿ ಕೋರಿ ಸಹಿ ಹಾಕಿದರು. ಜನರಿಗೆ ಪಾಲು ಕೊಡದ ಆ ಆಡಳಿತದ ಪರ ನಿಲ್ಲಲು ಜನರಿರಲಿಲ್ಲ. ಆತ 1672ರಲ್ಲಿ ಮ್ಯಾನ್‌ಹಾಟನ್‌ನಲ್ಲೇ ನಿಧನನಾದ.